ವಿಕ್ಟೋರಿಯಾ ಕಾಲದ್ದೆಂದು ಹೇಳಿ ಮಾರಿದ ಸಿಗ್ನಲ್ ಪಿಸ್ತೂಲಿನ ಬಗ್ಗೆ ದೂರು

ಇವರಿಂದ: ನಿಮ್ಮ ಗ್ರಾಹಕ, ಲೆಸ್ಟರ್, ಇಂಗ್ಲೆಂಡ್
ಇವರಿಗೆ: ವ್ಯವಸ್ಥಾಪಕರು, ಹಳೆಯ ಆಯುಧಗಳ ಮಾರಾಟ ಮಳಿಗೆ

ವಿಷಯ: ವಿವರಣೆಗೆ ಹೊಂದದ ಹಿತ್ತಾಳೆಯ ಸಿಗ್ನಲ್ ಪಿಸ್ತೂಲನ್ನು ತಿರಸ್ಕರಿಸಿ ಹಣ ಹಿಂದಿರುಗಿಸುವಂತೆ ಕೋರಿಕೆ

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ‘1870ರ ದಶಕದ ರಾಯಲ್ ನೇವಿಯ ಸಿಗ್ನಲ್ ಪಿಸ್ತೂಲು’ ಎಂದು ನಮೂದಿಸಿದ್ದ ವಸ್ತುವನ್ನು (ಬಣ್ಣದ ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲನ್ನು) ನಾನು 640 ಪೌಂಡ್ ಕೊಟ್ಟು ಕೊಂಡಿದ್ದು, ಅದು ನನ್ನ ಕೈ ಸೇರಿ ಇಂದಿಗೆ ಹದಿನೆಂಟು ದಿನಗಳಾದವು. ಖರೀದಿಯ ಮಾತುಕತೆಯೆಲ್ಲ ನಿಮ್ಮ ಸಿಬ್ಬಂದಿಯೊಬ್ಬರೊಡನೆ ಕನ್ನಡದಲ್ಲೇ ನಡೆದಿತ್ತು. ಆದ್ದರಿಂದ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಸಂಗ್ರಹಕ್ಕೆ ನಾನೇ ಹಾಕಿಕೊಂಡ ಗಡಿಯೊಂದಿದೆ. ವಿಕ್ಟೋರಿಯಾ ರಾಣಿ ತೀರಿಕೊಂಡ 1901ರ ಜನವರಿ 22ರ ನಂತರ ತಯಾರಾದ ಯಾವುದನ್ನೂ ನಾನು ಕೊಳ್ಳುವುದಿಲ್ಲ. ಇದನ್ನು ಆರಂಭದಲ್ಲೇ ತಿಳಿಸಿದ್ದೆ. ‘ಚಿಂತೆ ಬೇಡ ಸರ್, ಮೇಲೆ ರಾಣಿಯ ಕಿರೀಟದ ಮುದ್ರೆಯೇ ಇದೆ’ ಎಂಬ ಉತ್ತರ ಬಂದಿತ್ತು.

ಕಿರೀಟವೇನೋ ಇದೆ. ಆದರೆ ಅದು ಯಾವ ರಾಣಿಯ ಗುರುತೂ ಅಲ್ಲ. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್, ನಳಿಗೆಯನ್ನು ಸಿಡಿಮದ್ದಿನಿಂದ ಪರೀಕ್ಷಿಸಿ ಒತ್ತುವ ಮುದ್ರೆ ಅದು; ಸಿಂಹಾಸನದಲ್ಲಿ ಯಾರೇ ಕುಳಿತಿದ್ದರೂ ಮುದ್ರೆಯಲ್ಲಿ ಕಿರೀಟ ಇದ್ದೇ ಇತ್ತು. ಕಾಲವನ್ನು ಹೇಳುವುದು ಕಿರೀಟದ ಜೊತೆಗಿರುವ ಗುರುತು. 1904ಕ್ಕೆ ಮುಂಚೆ ಅಲ್ಲಿ ಅಡ್ಡಡ್ಡವಾಗಿ ಇಟ್ಟ ಎರಡು ರಾಜದಂಡಗಳಿರುತ್ತಿದ್ದವು. ನೀವು ಕಳುಹಿಸಿದ ಪಿಸ್ತೂಲಿನಲ್ಲಿ ದಂಡಗಳಿಲ್ಲ, ಕಿರೀಟದ ಕೆಳಗೆ ಬಿ.ಪಿ. ಎಂಬ ಎರಡು ಅಕ್ಷರಗಳಿವೆ.

ಮುದ್ರೆಯನ್ನು ಆಮೇಲೆ ಒತ್ತಿರಬಹುದೆಂದು ನೀವು ವಾದಿಸಬಹುದು. ಸೇನೆಯಿಂದ ಹೊರಬಿದ್ದ ಆಯುಧಗಳ ವಿಷಯದಲ್ಲಿ ಹಾಗೆ ಆಗುವುದೂ ಉಂಟು. ಆದರೆ ತಯಾರಕರ ಹೆಸರಿನ ವಿಷಯದಲ್ಲಿ ಆ ವಾದ ನಿಲ್ಲದು. ಪಿಸ್ತೂಲಿನ ಬಲಮಗ್ಗುಲಲ್ಲಿ, ಎಂದರೆ ನಿಮ್ಮ ಒಂದು ಚಿತ್ರದಲ್ಲೂ ಕಾಣದ ಮಗ್ಗುಲಲ್ಲಿ, ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್’ ಎಂದು ಕೊರೆಯಲಾಗಿದೆ. ವೆಬ್ಲಿ ಮತ್ತು ಸ್ಕಾಟ್ ಸಂಸ್ಥೆಗಳು ಒಂದಾದದ್ದೇ 1897ರಲ್ಲಿ. ಆಗಿನ ಉದ್ದನೆಯ ಹೆಸರು ಮೊಟಕಾಗಿ ಈ ರೂಪಕ್ಕೆ ಬಂದದ್ದು 1906ರಲ್ಲಿ. ಅಮೆರಿಕದ ನೌಕಾಧಿಕಾರಿ ಎಡ್ವರ್ಡ್ ವೆರಿ ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ಬಣ್ಣದ ಬೆಳಕಿನ ಸಂಕೇತ ಪದ್ಧತಿಯನ್ನು ರೂಪಿಸಿದ್ದು 1877ರಲ್ಲಿ ಎಂಬುದನ್ನಾದರೂ ನೆನೆದಿದ್ದರೆ, ನೀವು ‘1870ರ ದಶಕ’ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸುತ್ತಿದ್ದಿರಿ.

ಹೆಸರಿನ ಕೆಳಗೆ ನಾಲ್ಕು ಅಂಕಿಗಳ ಇಸವಿಯೂ ಇತ್ತು. ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿದರೆ 19 ಎಂಬುದರ ನೆರಳು ಈಗಲೂ ಕಾಣುತ್ತದೆ. ಉಳಿದೆರಡು ಅಂಕಿಗಳು ಸವೆದುಹೋಗಿವೆ. ಸವೆಸಿದವರು ನೀವೇ. ಚಿತ್ರದಲ್ಲಿ ಕಂದುಬಣ್ಣಕ್ಕೆ ತಿರುಗಿ, ಹಿಡಿಯ ಸಂದಿಯಲ್ಲಿ ತುಸು ಕಿಲುಬು ಕಟ್ಟಿದ್ದ ಹಿತ್ತಾಳೆ, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದ ದೇವರ ಪಾತ್ರೆಯಂತೆ ಫಳಫಳ ಹೊಳೆಯುತ್ತ ನನ್ನ ಮನೆಗೆ ಬಂತು. ಕೇಳಿದ್ದಕ್ಕೆ, ಯಂತ್ರದಲ್ಲಿ ಪಾಲಿಶ್ ಮಾಡಿಸಿ ಚೆಂದಗಾಣಿಸಿದ್ದೇವೆ, ಅದಕ್ಕೆ ಬೇರೆ ಹಣ ತೆಗೆದುಕೊಂಡಿಲ್ಲ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಸಂಗ್ರಾಹಕನಿಗೆ ಆ ಕಂದುಬಣ್ಣವೇ ಅರ್ಧ ಬೆಲೆ. ಅದು ಕೂಡಲು ನೂರು ವರ್ಷ ಬೇಕು, ಹೋಗಲು ಹತ್ತು ನಿಮಿಷ ಸಾಕು.

ಇದಕ್ಕಿಂತ ಗಂಭೀರವಾದ ವಿಷಯ ಪರವಾನಗಿಯದು. ‘ವಿಕ್ಟೋರಿಯಾ ಕಾಲದ್ದಾದ್ದರಿಂದ ಲೈಸೆನ್ಸ್ ಬೇಡ’ ಎಂದು ನಿಮ್ಮ ಬಿಲ್ಲಿನಲ್ಲೇ ಬರೆದಿದ್ದೀರಿ. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪುರಾತನ ಆಯುಧಗಳ ನಿಯಮಗಳ ಪ್ರಕಾರ ವಯಸ್ಸೊಂದೇ ಸಾಲದು. ಆಯುಧ 1939ರ ಸೆಪ್ಟೆಂಬರ್ 1ಕ್ಕೆ ಮುಂಚಿನದಾಗಿರುವುದರ ಜೊತೆಗೆ, ಅದರ ತೋಟಾ ಅಥವಾ ಮದ್ದು ಹೊತ್ತಿಸುವ ವಿಧಾನ ನಿಯಮಗಳ ಪಟ್ಟಿಯಲ್ಲಿ ಇರಬೇಕು. ಒಂದು ಇಂಚು ಒಳವ್ಯಾಸದ ಈ ನಳಿಗೆಯ ತೋಟಾ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮಾರುವ ಮುನ್ನ ನೀವು ಪರಿಶೀಲಿಸಿದ್ದಿರೇ? ಇದಕ್ಕೆ ಲಿಖಿತ ಉತ್ತರ ಬೇಕು. ನಾನಂತೂ ಸ್ಥಳೀಯ ಪೊಲೀಸರ ಪರವಾನಗಿ ವಿಭಾಗಕ್ಕೆ ವಿಷಯ ತಿಳಿಸಿದ್ದೇನೆ.

ಇದು ಹರಾಜಿನಲ್ಲಿ ಕೂಗಿ ಕೊಂಡದ್ದಲ್ಲ, ನಿಗದಿತ ಬೆಲೆಗೆ ನಿಮ್ಮಿಂದ ನೇರವಾಗಿ ಕೊಂಡದ್ದು. ವಿವರಣೆಗೆ ಹೊಂದದ ಸರಕನ್ನು ಮೂವತ್ತು ದಿನಗಳೊಳಗೆ ತಿರಸ್ಕರಿಸುವ ಹಕ್ಕನ್ನು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನನಗೆ ಕೊಟ್ಟಿದೆ. ಈ ಪತ್ರದ ಮೂಲಕ ಅದನ್ನು ಚಲಾಯಿಸುತ್ತಿದ್ದೇನೆ. 640 ಪೌಂಡ್ ಮತ್ತು ಸಾಗಣೆಗೆ ಪಡೆದ 18 ಪೌಂಡ್ ಎರಡನ್ನೂ ಹಿಂದಿರುಗಿಸಿ, ಪಿಸ್ತೂಲನ್ನು ಕಾನೂನುಬದ್ಧವಾಗಿ ಸಾಗಿಸಬಲ್ಲವರನ್ನು ನಿಮ್ಮ ಖರ್ಚಿನಲ್ಲೇ ಕಳುಹಿಸಿ ಕೊಂಡೊಯ್ಯಬೇಕೆಂದು ಕೋರುತ್ತೇನೆ. ಬದಲಿ ವಸ್ತು ನನಗೆ ಬೇಡ. ಮುದ್ರೆ, ಹೆಸರು ಮತ್ತು ಅಳಿದ ಇಸವಿಯ ಚಿತ್ರಗಳನ್ನು ಬಿಲ್ಲಿನ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
(ಸಹಿ)