ಕನ್ನಡಕ ಬಿಟ್ಟೆನೆಂದು ಹಿಗ್ಗಬೇಡ, ಅಮ್ಮ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಹೋದ ಭಾನುವಾರ ನೀನು ಫೋನಿನಲ್ಲಿ, ‘ಈಗ ಕನ್ನಡಕವಿಲ್ಲದೆಯೇ ಪತ್ರಿಕೆ ಓದುತ್ತೇನೆ, ನನಗೆ ವಯಸ್ಸು ಇಳಿಯುತ್ತಿದೆ’ ಎಂದಾಗ ನಾನೂ ನಕ್ಕಿದ್ದೆ. ಮೊನ್ನೆ ನನಗೇ ಚಾಳೀಸು ಬಂದು ಇಲ್ಲಿನ ಕಣ್ಣಿನ ವೈದ್ಯರ ಬಳಿ ಹೋದಾಗ ನಿನ್ನ ಪ್ರತಾಪ ಹೇಳಿಕೊಂಡೆ. ಅವರು ನಗಲಿಲ್ಲ. ‘ದೂರದ್ದು ಮಸುಕಾಗಿದೆಯೇ ಕೇಳಿ’ ಎಂದರು.

ಪೊರೆ ಬರುವಾಗ ಕೆಲವರ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗಿ, ಹತ್ತಿರದ ಅಕ್ಷರ ತಾನಾಗಿಯೇ ತಿಳಿಯಾಗಿ ಕಾಣಿಸುತ್ತದೆ. ಆ ಸುಖ ಹೆಚ್ಚು ದಿನದ್ದಲ್ಲ, ಪೊರೆ ಹೆಚ್ಚಿದಂತೆ ಅದೂ ಮಬ್ಬಾಗುತ್ತದೆ. ರಾತ್ರಿ ಎದುರಿನ ವಾಹನದ ದೀಪ ಚೆದುರಿ ಕಣ್ಣು ಕುಕ್ಕುತ್ತದೆ ಎಂದಿದ್ದೆಯಲ್ಲ? ಒಗೆದ ಬಿಳಿ ಬಟ್ಟೆ ಹಳದಿಯಾಗಿದೆ ಎಂದು ಜಗಳವಾಡಿದ್ದೆಯಲ್ಲ? ಪಾಪ, ಬಟ್ಟೆಯದು ತಪ್ಪಿರಲಿಕ್ಕಿಲ್ಲ.

‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎನ್ನಬೇಡ. ಅದು ಹಳೆಯ ಕಾಲದ ಮಾತು. ಈಗ ಬಲಿತಷ್ಟೂ ಶಸ್ತ್ರಚಿಕಿತ್ಸೆಯೇ ಕಷ್ಟ. ಹನಿ ಔಷಧಿಯಿಂದ ಪೊರೆ ಕರಗುವುದೂ ಇಲ್ಲ. ಮಬ್ಬಾದ ಮಸೂರ ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಕಣ್ಣೊಳಗೆ ಪ್ಲಾಸ್ಟಿಕ್ಕೇ ಎಂದು ಹೆದರುವೆ, ಗೊತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಹೊದಿಕೆ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣು ಹೊಕ್ಕರೂ ಕಣ್ಣು ಕೆರಳಲಿಲ್ಲವಂತೆ. ಅದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ಬ್ರಿಟಿಷ್ ವೈದ್ಯರು 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರ ಮಾಡಿಸಿ ರೋಗಿಯ ಕಣ್ಣಿಗೆ ಇಟ್ಟರು. ಚೂರು ಹೊಕ್ಕ ಕಣ್ಣಿನಲ್ಲಿ ಇಂಥ ಉಪಾಯ ಕಂಡವರ ತಲೆಗೆ ಏನೆನ್ನಲಿ!

ಅಪ್ಪನನ್ನೂ ಕರೆದುಕೊಂಡು ಹೋಗು. ‘ನನಗೇನೂ ನೋವಿಲ್ಲ’ ಎಂದು ಜಾರಿಕೊಳ್ಳುತ್ತಾರೆ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆಯೇ ಬಂದು, ಮೊದಲು ಅಂಚಿನ ನೋಟವನ್ನು ಕಸಿಯುತ್ತದೆ, ಕಳೆದ ನೋಟ ಮರಳುವುದಿಲ್ಲ. ದೊಡ್ಡಪ್ಪನಿಗೆ ಅದು ಇರುವುದರಿಂದ ತಮ್ಮನಾದ ಅಪ್ಪನಿಗೂ ಅಪಾಯ ಹೆಚ್ಚು. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ. ಕಣ್ಣಿನ ಒತ್ತಡ ಅಳೆಯಲಿ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾವನ್ನೂ ನೋಡಲಿ. ಕಣ್ಣು ಕೆಂಪಾದಾಗ ಅವರು ಹಾಕಿಕೊಳ್ಳುವ ಆ ಹಳೆಯ ಹನಿ ಬಾಟಲಿಯನ್ನೂ ಒಯ್ಯಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಒತ್ತಡವೂ ಏರಬಹುದು, ಪೊರೆಯೂ ಬರಬಹುದು.

ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಂಜು ಮಂಜಾಗಿರುತ್ತದೆ, ಅಪ್ಪ ಸ್ಕೂಟರ್ ತರುವುದು ಬೇಡ. ನಿನ್ನ ಹಳೆಯ ಕನ್ನಡಕವನ್ನು ಯಾರಿಗೂ ಕೊಟ್ಟುಬಿಡಬೇಡ, ವೈದ್ಯರಿಗೆ ತೋರಿಸಬೇಕು.

ಇಂತಿ ನಿನ್ನ ಮಗ