ಬಾಕಿ 312 ಪೌಂಡ್, ಬೇಲಿಫ್ ಕೇಳಿದ್ದು 702: ನಮ್ಮ ಕೌನ್ಸಿಲ್ ನಾಯಕರಿಗೊಂದು ಬಹಿರಂಗ ಪತ್ರ

ಮಾನ್ಯ ಕೌನ್ಸಿಲ್ ನಾಯಕರೇ,

ಈ ಪತ್ರದ ಇಂಗ್ಲಿಷ್ ಪ್ರತಿ ಈಗಾಗಲೇ ನಿಮ್ಮ ಕಚೇರಿಗೆ ತಲುಪಿದೆ. ಅದನ್ನೇ ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ. ಇಂಗ್ಲೆಂಡಿನ ಈ ಊರಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಕೆಲವಾದರೂ ತೆರಿಗೆ ಬಾಕಿಯ ಇದೇ ತೊಂದರೆಗೆ ಸಿಲುಕಿ, ಮಾನಕ್ಕೆ ಅಂಜಿ ಯಾರ ಹತ್ತಿರವೂ ಹೇಳಿಕೊಳ್ಳದೆ ಇವೆ ಎಂಬುದು ನನಗೆ ಗೊತ್ತಿದೆ. ಅವರೂ ಇದನ್ನು ಓದಬೇಕು.

ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಸ್ಥಳೀಯಾಡಳಿತವಾದ ಕೌನ್ಸಿಲ್ ಮನೆಗಳ ಮೇಲೆ ಹಾಕುವ ತೆರಿಗೆ, ಕಟ್ಟುವ ಬಗ್ಗೆ ನನಗೆ ತಕರಾರಿಲ್ಲ. ಕಸ ಒಯ್ಯುವವರ ಸಂಬಳವೂ, ನನ್ನ ಮಗಳು ಪ್ರತಿ ಶನಿವಾರ ಹೋಗುವ ಗ್ರಂಥಾಲಯದ ಖರ್ಚೂ, ವೃದ್ಧರ ಆರೈಕೆಯೂ ಅದರಿಂದ ನಡೆಯುತ್ತವೆ. ನನ್ನ ದೂರು ಇರುವುದು ಬಾಕಿಯನ್ನು ವಸೂಲಿ ಮಾಡುವ ರೀತಿಯ ಬಗ್ಗೆ, ಮತ್ತು ಆ ಕೆಲಸವನ್ನು ಖಾಸಗಿ ಬೇಲಿಫ್ (ಬಾಕಿ ವಸೂಲಿಗೆ ಮನೆಗೆ ಬಂದು ವಸ್ತು ಜಪ್ತಿ ಮಾಡುವ ಏಜೆಂಟ್) ಕಂಪನಿಯ ಕೈಗಿತ್ತ ಮೇಲೆ ಕೌನ್ಸಿಲ್ ತನ್ನ ಹೊಣೆಯಿಂದ ಹಿಂದೆ ಸರಿಯುವುದರ ಬಗ್ಗೆ.

ಅಕ್ಟೋಬರ್‌ನಲ್ಲಿ ನಾವು ಇದೇ ಕೌನ್ಸಿಲ್ ವ್ಯಾಪ್ತಿಯ ಬೇರೊಂದು ಬಾಡಿಗೆ ಮನೆಗೆ ಬಂದೆವು. ವಿಳಾಸ ಬದಲಾದದ್ದನ್ನು ಆನ್‌ಲೈನ್ ಫಾರ್ಮ್ ತುಂಬಿ ತಿಳಿಸಿದ್ದೆ. ಅದರ ಸ್ವೀಕೃತಿ ಇನ್ನೂ ನನ್ನ ಬಳಿ ಇದೆ. ಹಳೆಯ ಮನೆಯ ಲೆಕ್ಕದಲ್ಲಿ 312 ಪೌಂಡ್ ಬಾಕಿ ಉಳಿದಿತ್ತು. ಅದರ ಬಿಲ್ಲು, ಜ್ಞಾಪನಾ ಪತ್ರ, ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಕೊನೆಗೆ ಬೇಲಿಫ್ ಕಳುಹಿಸಬೇಕಾದ ಏಳು ದಿನಗಳ ನೋಟಿಸು, ಎಲ್ಲವೂ ನಾವಿಲ್ಲದ ಹಳೆಯ ಮನೆಗೇ ಹೋದವು. ಒಂದೇ ಬೆಳಿಗ್ಗೆ ನೂರಾರು ಹೆಸರುಗಳ ಮೇಲೆ ಲಯಬಿಲಿಟಿ ಆರ್ಡರ್ (ಬಾಕಿ ಕಟ್ಟಲೇಬೇಕೆಂಬ ಆದೇಶ) ಹೊರಡಿಸುವ ಕೋರ್ಟಿನಲ್ಲಿ ನನ್ನ ಹೆಸರೂ ಒಂದಾಗಿ ಹೋಯಿತು. ಪತ್ರ ಕಳುಹಿಸಲು ಸಿಗದ ನನ್ನ ಹೊಸ ವಿಳಾಸ ಬೇಲಿಫ್‌ಗೆ ಮಾತ್ರ ಸಿಕ್ಕಿತು.

ಮಾರ್ಚ್‌ನ ಒಂದು ದಿನ ಬೆಳಿಗ್ಗೆ ಏಳೂವರೆಗೆ ಅವರು ಬಂದರು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಬರಲು ಕಾನೂನು ಬಿಡುತ್ತದೆ, ಆದ್ದರಿಂದ ಹೊತ್ತಿನ ಬಗ್ಗೆ ನಾನು ಆಕ್ಷೇಪಿಸುವುದಿಲ್ಲ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೊರಟಾಗಿತ್ತು. ಧಾರವಾಡದಿಂದ ನಮ್ಮನ್ನು ನೋಡಲು ಬಂದಿದ್ದ ನನ್ನ ತಂದೆಯೊಬ್ಬರೇ ಮನೆಯಲ್ಲಿದ್ದರು. ಅವರಿಗೆ 74 ವರ್ಷ, ಇಂಗ್ಲಿಷ್ ಬಾರದು. ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿಸುವುದು ಅವರಿಗೆ ಗೊತ್ತಿಲ್ಲ. ಬಾಗಿಲು ತೆರೆದರು, ಒಳಗೆ ಕರೆದರು, ಕುರ್ಚಿ ತೋರಿಸಿ ನೀರು ತಂದುಕೊಟ್ಟರು. ಕೌನ್ಸಿಲ್ ಟ್ಯಾಕ್ಸ್ ಬಾಕಿಗಾಗಿ ಮೊದಲ ಸಲ ಬಂದ ಬೇಲಿಫ್ ಬಾಗಿಲು ಒಡೆದು ನುಗ್ಗುವಂತಿಲ್ಲ, ಶಾಂತಿಯಿಂದ ಒಳಗೆ ಬರಬಹುದಷ್ಟೆ. ನನ್ನ ತಂದೆಯ ಆತಿಥ್ಯವೇ ಆ ಶಾಂತಿಯುತ ಪ್ರವೇಶವಾಯಿತು. ಬಂದವರು ಟಿವಿ, ಸೋಫಾ ಬರೆದುಕೊಂಡು, ಹಣ ಕಟ್ಟುವವರೆಗೆ ವಸ್ತುಗಳು ಜಪ್ತಿಯಲ್ಲಿವೆ ಎಂಬ ಒಪ್ಪಂದದ ಕಾಗದವನ್ನು, ಅದಕ್ಕೆ ಸಹಿ ಹಾಕುವ ಅಧಿಕಾರವೇ ಇಲ್ಲದ ನನ್ನ ತಂದೆಯ ಮುಂದೆ ಚಾಚಿದರು. ಓದಲಾಗದ ಕಾಗದಕ್ಕೆ ಸಹಿ ಮಾಡುವುದಿಲ್ಲವೆಂದು ತಂದೆ ಕೈ ಮುಗಿದು ಹಿಂದೆ ಸರಿದರು. ಅಂಥ ಒಪ್ಪಂದ ಮುರಿದುಬಿದ್ದರೆ ಮುಂದಿನ ಸಲ ಬಲಪ್ರಯೋಗದಿಂದಲೂ ಒಳಬರಲು ಅವಕಾಶವಿದೆ ಎಂಬುದು ನನಗೇ ಆಮೇಲೆ ತಿಳಿದದ್ದು.

ಸಂಜೆ ನಾನು ಮನೆಗೆ ಬಂದಾಗ ತಂದೆ ಕೇಳಿದ್ದು ಒಂದೇ ಮಾತು: "ಅಮೀನ ಮನಿಗೆ ಬರೂವಂಥಾದ್ದು ಏನ್ ಮಾಡೀಯಪ್ಪಾ?" ಕೋರ್ಟಿನ ಅಮೀನ ಜಪ್ತಿಗೆ ಬಂದನೆಂದರೆ ಆ ಮನೆತನದ ಮರ್ಯಾದೆ ಹೋಯಿತೆಂದು ತಿಳಿದ ಊರಿನಿಂದ ಬಂದವರು ಅವರು. ಉಳಿದ ಮೂರು ವಾರವೂ ಕರೆಗಂಟೆ ಬಾರಿಸಿದರೆ ಅವರು ಎದ್ದು ಒಳಕೋಣೆಗೆ ಹೋಗುತ್ತಿದ್ದರು.

ಬಾಕಿ ಬೆಳೆದದ್ದು ಹೀಗೆ. 312 ಪೌಂಡ್‌ಗೆ ಸಮನ್ಸ್‌ನ ಖರ್ಚೆಂದು 80 ಸೇರಿತು. 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶುಲ್ಕದ ನಿಯಮಗಳ ಪ್ರಕಾರ, ಪ್ರಕರಣ ಬೇಲಿಫ್ ಕೈಗೆ ಹೋದೊಡನೆ 75, ಅವರು ಮನೆಯ ಮೆಟ್ಟಿಲು ಹತ್ತಿದೊಡನೆ 235. ಒಟ್ಟು 702. ವಸ್ತುಗಳನ್ನು ಮಾರುವ ಹಂತಕ್ಕೆ ಹೋಗಿದ್ದರೆ ಇನ್ನೂ 110. 300 ಪೌಂಡ್ ಹೊಂದಿಸಲಾರದವನು 700 ಹೊಂದಿಸಿಯಾನು ಎಂದು ಯಾವ ಲೆಕ್ಕದಲ್ಲಿ ನಂಬುವುದು?

ನಿಮ್ಮ ಕಚೇರಿಗೆ ಫೋನ್ ಮಾಡಿದರೆ, ಪ್ರಕರಣ ಬೇಲಿಫ್ ಬಳಿ ಇದೆ, ಅವರನ್ನೇ ಕೇಳಿ ಎಂದರು. ಬೇಲಿಫ್ ಕಂಪನಿಯವರು, ವಿಳಾಸದ ವಿಷಯ ಕೌನ್ಸಿಲ್‌ಗೆ ಸೇರಿದ್ದು ಎಂದರು. ಎರಡು ಹಂತದ ದೂರು ಬರೆದು, ಸ್ವೀಕೃತಿಯ ಪ್ರತಿ ಲಗತ್ತಿಸಿ, ನಾಲ್ಕು ತಿಂಗಳು ಕಾದ ಮೇಲೆ ಶುಲ್ಕಗಳೆಲ್ಲ ರದ್ದಾದವು. 312 ಪೌಂಡನ್ನು ನಾನು ಅಂದೇ ಕಟ್ಟಿದೆ. ಆದರೆ ನೀವು ಕಳುಹಿಸಿದ ಏಜೆಂಟರು ಮಾಡಿದ್ದಕ್ಕೆ ನೀವೇ ಹೊಣೆ. ಕೌನ್ಸಿಲ್ ಪರವಾಗಿ ಕೆಲಸ ಮಾಡುವ ಬೇಲಿಫ್‌ಗಳ ತಪ್ಪನ್ನು ಸ್ಥಳೀಯಾಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಕೌನ್ಸಿಲ್‌ನ ತಪ್ಪೆಂದೇ ಪರಿಗಣಿಸುತ್ತಾರೆ. ನ್ಯಾಯ ಇಲಾಖೆಯ 2014ರ ರಾಷ್ಟ್ರೀಯ ಮಾನದಂಡಗಳು ವೃದ್ಧರನ್ನೂ, ಇಂಗ್ಲಿಷ್ ಅರ್ಥವಾಗದವರನ್ನೂ ದುರ್ಬಲರಾಗಿರಬಹುದಾದವರ ಪಟ್ಟಿಯಲ್ಲಿ ಹೆಸರಿಸಿವೆ. ದುರ್ಬಲ ವ್ಯಕ್ತಿಯೊಬ್ಬರೇ ಇರುವ ಮನೆಗೆ ಬೇಲಿಫ್ ಕಾಲಿಡಬಾರದೆಂದು ನಿಯಮವೇ ಇದೆ. ಅಂದು ನಮ್ಮ ಮನೆಯಲ್ಲಿದ್ದವರು ಎಂಥವರೆಂದು ಯಾರೂ ವಿಚಾರಿಸಲಿಲ್ಲ.

ನನಗೆ ಇಂಗ್ಲಿಷ್ ಬರುತ್ತದೆ, ಕಚೇರಿಯ ಕೆಲಸ ಇದೆ, ದೂರು ಬರೆಯಲು ಬಿಡುವಿತ್ತು. ನಮ್ಮ ಬೀದಿಯಲ್ಲೇ ಇರುವ, ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕೆಂದು ವೀಸಾ ಪಡೆದು ಬಂದ ಮೈಸೂರು ಕಡೆಯ ಹೆಣ್ಣುಮಗಳೊಬ್ಬಳಿಗೆ ಇವು ಯಾವುವೂ ಇಲ್ಲ. ಪಾಳಿಗಳು ಕಡಿಮೆಯಾಗಿ ಅವಳು ಕಂತು ತಪ್ಪಿಸಿದಳು. ಜ್ಞಾಪನಾ ಪತ್ರ ಬಂದ ಏಳು ದಿನದೊಳಗೆ ಕಟ್ಟದಿದ್ದರೆ, ಮತ್ತೆ ಏಳು ದಿನ ಕಳೆದೊಡನೆ ಇಡೀ ವರ್ಷದ ಉಳಿದ ತೆರಿಗೆ ಒಟ್ಟಿಗೇ ಕೊಡಬೇಕಾಗುತ್ತದೆ. ತಿಂಗಳ ಕಂತಿಗೇ ಪರದಾಡಿದವಳಿಗೆ ವರ್ಷದ ಮೊತ್ತದ ಬೇಡಿಕೆ ಬಂತು. ಕಡಿಮೆ ಆದಾಯದವರಿಗೆ 2013ರಿಂದ ಕೌನ್ಸಿಲ್‌ಗಳೇ ರೂಪಿಸಿ ನಡೆಸುತ್ತಿರುವ ತೆರಿಗೆ ಕಡಿತಕ್ಕೆ ಅವಳು ಅರ್ಜಿ ಹಾಕುವಂತೆಯೂ ಇಲ್ಲ, ಏಕೆಂದರೆ ವಲಸೆ ನಿಯಮಗಳು ಅದನ್ನು ಸಾರ್ವಜನಿಕ ನಿಧಿಯೆಂದು, ಅಂದರೆ ಸರ್ಕಾರಿ ನೆರವೆಂದು, ಎಣಿಸುತ್ತವೆ, ಅವಳ ವೀಸಾದಲ್ಲಿ ಅದಕ್ಕೆ ನಿಷೇಧವಿದೆ. ಒಬ್ಬರೇ ವಯಸ್ಕರಿರುವ ಮನೆಗೆ ಸಿಗುವ ಶೇ. 25ರ ರಿಯಾಯಿತಿ ಮಾತ್ರ ಈ ನಿಷೇಧದಲ್ಲಿ ಸೇರಿಲ್ಲ. ಒಂಟಿಯಾಗಿ ಮಗುವನ್ನು ಸಾಕುತ್ತಿರುವ ಅವಳಿಗೆ ಅದನ್ನು ನಿಮ್ಮ ಯಾವ ಪತ್ರವೂ ಅರ್ಥವಾಗುವಂತೆ ಹೇಳಿರಲಿಲ್ಲ. ವೀಸಾಕ್ಕೆ ಧಕ್ಕೆಯಾದೀತೆಂದು ಹೆದರಿ ಅವಳು ಯಾವುದನ್ನೂ ಕೇಳಿರಲಿಲ್ಲ. ಬೇಲಿಫ್ ಬಂದ ದಿನ ತನ್ನನ್ನು ದೇಶದಿಂದ ಕಳುಹಿಸಲು ಬಂದಿದ್ದಾರೆಂದೇ ತಿಳಿದಿದ್ದಳು.

ಬೇರೆ ದಾರಿ ಇಲ್ಲವೆಂದು ದಯವಿಟ್ಟು ಹೇಳಬೇಡಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲಮ್ ಕೌನ್ಸಿಲ್ 2018ರಲ್ಲಿಯೇ ಕೌನ್ಸಿಲ್ ಟ್ಯಾಕ್ಸ್ ವಸೂಲಿಗೆ ಬೇಲಿಫ್ ಕಳುಹಿಸುವುದನ್ನು ಕೈಬಿಟ್ಟಿತು. ಲಯಬಿಲಿಟಿ ಆರ್ಡರ್ ಕೈಯಲ್ಲಿದ್ದರೆ ಸಂಬಳದಿಂದಲೇ ಕಂತು ಹಿಡಿಯಲು ನಿಮಗೆ ಅಧಿಕಾರವಿದೆ. ಅದಕ್ಕೆ 310 ಪೌಂಡ್‌ಗಳ ಬೇಲಿಫ್ ಶುಲ್ಕ ಬೇಕಿಲ್ಲ, ಯಾರ ಮನೆಯ ಸೋಫಾವನ್ನೂ ಬರೆದುಕೊಳ್ಳಬೇಕಿಲ್ಲ.

ನಾನು ಕೇಳುವುದಿಷ್ಟು. ಪ್ರಕರಣವನ್ನು ಬೇಲಿಫ್‌ಗೆ ಒಪ್ಪಿಸುವ ಮೊದಲು ನಿಮ್ಮ ಸಿಬ್ಬಂದಿ ವಿಳಾಸವನ್ನು ಖಚಿತಪಡಿಸಿಕೊಂಡು, ಒಮ್ಮೆಯಾದರೂ ಆ ಮನೆಯವರೊಂದಿಗೆ ಮಾತಾಡಲಿ. ದುರ್ಬಲರೆಂದು ಗೊತ್ತಾದ ಕೂಡಲೇ ಪ್ರಕರಣವನ್ನು ಹಿಂದಕ್ಕೆ ಪಡೆಯಿರಿ, ಸೇರಿಸಿದ ಶುಲ್ಕವನ್ನು ತೆಗೆದುಹಾಕಿ. ಬೇಲಿಫ್‌ಗಳ ವಿರುದ್ಧ ಬಂದ ದೂರುಗಳೆಷ್ಟು, ಅವುಗಳಲ್ಲಿ ಸರಿಯೆಂದು ತೀರ್ಮಾನವಾದವೆಷ್ಟು ಎಂಬುದನ್ನು ಪ್ರತಿ ವರ್ಷ ಪ್ರಕಟಿಸಿ. ಹೊಸ ವರ್ಷದ ಬಿಲ್ಲುಗಳು ಮಾರ್ಚ್‌ನಲ್ಲಿ ಹೊರಡುತ್ತವೆ. ಅದಕ್ಕೆ ಮೊದಲೇ ಪೂರ್ಣ ಕೌನ್ಸಿಲ್ ಸಭೆಯಲ್ಲಿ ಇದಕ್ಕೆ ಉತ್ತರ ಕೊಡಬೇಕೆಂದು ವಿನಂತಿಸುತ್ತೇನೆ. ಆ ದಿನ ನಾನು ಸಾರ್ವಜನಿಕರ ಸಾಲಿನಲ್ಲಿ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಕೌನ್ಸಿಲ್‌ನ ಒಬ್ಬ ತೆರಿಗೆದಾರ