ಐದನೇ ಪುಟದಲ್ಲಿ ನೀನು ಎದ್ದು ಹೋದೆ

ಪ್ರೀತಿಯ ತಮ್ಮಾ,

ನಿನ್ನ ಏಳು ಕಥೆಗಳೂ ಅವುಗಳ ಜೊತೆಗಿದ್ದ ಪತ್ರವೂ ಬಂದು ಮೂರು ವಾರವಾಯಿತು. ಕಥೆಗಿಂತ ಮೊದಲು ಪತ್ರ ಓದಿದೆ. "ಮೇಡಂ, ಬರೆಯುವ ಹೊತ್ತಿನಲ್ಲಿ ಸೈಟುಗಳು ತೆರೆಯದ ಹಾಗೆ ಬ್ಲಾಕರ್ ಹಾಕಿಕೊಂಡೆ, ಅದೇ ರಾತ್ರಿ ನಾನೇ ಅದನ್ನು ತೆಗೆದೆ, ಹೀಗೆ ಹನ್ನೊಂದು ಸಲ ಆಗಿದೆ, ನನ್ನಂಥವನು ಬರೆಯುವುದನ್ನು ಬಿಟ್ಟುಬಿಡುವುದೇ ವಾಸಿ" ಅಂತ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ಎರಡು ದಿನ ನಿನ್ನ ಕಥೆಗಳ ಕವರನ್ನು ಮುಟ್ಟಲು ಆಗಲಿಲ್ಲ. ಬೇಜಾರಿನಿಂದ ಅಲ್ಲ. ನನ್ನದೇ ಒಂದು ಹಳೆಯ ನೋಟ್‌ಬುಕ್ ಹುಡುಕಬೇಕಿತ್ತು. ಅದರ ವಿಚಾರ ಆಮೇಲೆ ಹೇಳುತ್ತೇನೆ.

ಮೊದಲು ನೀನು ಕೇಳಿದ ಪ್ರಶ್ನೆಗಳು. ಯಾವ ಪ್ರಕಾಶಕರಿಗೆ ಕಳಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಒಂದು ಕಥೆ ಎಷ್ಟು ಪುಟ ಇರಬೇಕು, ಇದಕ್ಕೆಲ್ಲ ನಾನು ಉತ್ತರ ಬರೆಯುವುದಿಲ್ಲ. ಅದಕ್ಕೆ ಇನ್ನೂ ಕಾಲ ಇದೆ. ಯಾವ ಬ್ಲಾಕರ್ ಒಳ್ಳೆಯದು ಅನ್ನುವುದು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಿನಗೇ ಜಾಸ್ತಿ ಗೊತ್ತು. ಲೀಚ್‌ಬ್ಲಾಕ್‌ನಂತೆ ಬ್ರೌಸರ್ ಒಳಗೆ ಇರುವಂಥದ್ದಾದರೆ, ಇನ್ನೊಂದು ಬ್ರೌಸರ್ ತೆರೆದರೆ ಸಾಕು, ಅದರ ಕಾವಲು ಮುಗಿಯಿತು. ಮ್ಯಾಕ್‌ನ ಸೆಲ್ಫ್‌ಕಂಟ್ರೋಲ್ ಗಟ್ಟಿ. ಇಷ್ಟು ಹೊತ್ತು ಅಂತ ಹೇಳಿ ಒಮ್ಮೆ ಶುರು ಮಾಡಿದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ, ಆ ಸಾಫ್ಟ್‌ವೇರನ್ನೇ ಅಳಿಸಿ ಹಾಕಿದರೂ ಹೊತ್ತು ಮುಗಿಯುವ ತನಕ ಬಿಡುವುದಿಲ್ಲ. ಆದರೆ ಅದು ಕಾಯುವುದು ಕಂಪ್ಯೂಟರನ್ನು, ಮೊಬೈಲು ದಿಂಬಿನ ಪಕ್ಕದಲ್ಲೇ ಇರುತ್ತದೆ. ಒಬ್ಬ ಚಾಪೆ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿ ಕೆಳಗೆ ತೂರಿದ ಅನ್ನುತ್ತಾರಲ್ಲ, ಇಲ್ಲಿ ಆ ಇಬ್ಬರೂ ನೀನೇ. ಬೀಗ ಹಾಕುವವನು ನೀನು, ಬೀಗದ ಕೈ ಬಚ್ಚಿಡುವವನು ನೀನು, ಮಧ್ಯರಾತ್ರಿ ಎದ್ದು ಅದನ್ನು ಹುಡುಕುವವನೂ ನೀನು.

ಹಾಗಂತ ಬ್ಲಾಕರ್ ಬೇಡ ಅನ್ನುತ್ತಿಲ್ಲ. ಹಾಕಿಕೋ. "ನಿಜವಾದ ಬರಹಗಾರನಿಗೆ ಇದೆಲ್ಲ ಯಾಕೆ" ಅನ್ನುವವರ ಮಾತು ಮಾತ್ರ ಕೇಳಬೇಡ. ಆ ಮಾತನ್ನು ನಾನು ಎಲ್ಲರ ಎದುರು ಕೇಳಿಸಿಕೊಂಡವಳು. ಒಂದು ಸಭೆಯಲ್ಲಿ ಯಾರೋ ನೀವು ಹೇಗೆ ಬರೀತೀರಿ ಅಂತ ಕೇಳಿದರು, ನಾನು ಇದ್ದದ್ದು ಇದ್ದ ಹಾಗೆ, ಬೆಳಿಗ್ಗೆ ನಾಲ್ಕು ಗಂಟೆ ಕಾಲ ಸೈಟುಗಳನ್ನು ಬಂದ್ ಮಾಡಿಕೊಂಡು ಕೂರುತ್ತೇನೆ ಅಂದೆ. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಮೈಕ್ ತೆಗೆದುಕೊಂಡು, ಬರಹಕ್ಕೆ ಬೇಕಾದದ್ದು ತಪಸ್ಸು, ಸಾಫ್ಟ್‌ವೇರ್ ಅಲ್ಲ ಅಂದರು. ಚಪ್ಪಾಳೆ ಬಿತ್ತು. ನಾನು ಸುಮ್ಮನೆ ಕೂತೆ. ಹತ್ತು ವರ್ಷಕ್ಕೂ ಮೇಲಾಯಿತು, ಆ ದಿನ ಕೊಡದ ಉತ್ತರವನ್ನು ನಿನಗೆ ಕೊಡುತ್ತಿದ್ದೇನೆ.

ನಾನು ಆ ಹಿರಿಯರ ಮನೆಗೆ ಒಮ್ಮೆ ಹೋಗಿದ್ದೆ. ಬಾಗಿಲು ತೆಗೆದವರು ಅವರ ಹೆಂಡತಿ. "ಬರೀತಾ ಇದಾರೆ ಕಣಮ್ಮ, ಹನ್ನೊಂದರ ಮೇಲೆ ಬಾ" ಅಂದರು, ಪಿಸುಮಾತಿನಲ್ಲಿ. ನಾನು ಜಗಲಿಯಲ್ಲೇ ಕಾದೆ. ಆ ಎರಡು ಗಂಟೆಯಲ್ಲಿ ಹಾಲಿನವನು ಬಂದ, ಗ್ಯಾಸಿನವನು ಬಂದ, ನೆಂಟರೊಬ್ಬರು ಮದುವೆ ಕಾಗದ ಹಿಡಿದು ಬಂದರು, ಫೋನು ಐದಾರು ಸಲ ಬಡಿದುಕೊಂಡಿತು. ಎಲ್ಲವನ್ನೂ ಆ ತಾಯಿ ಬಾಗಿಲಲ್ಲೇ ತಡೆದರು. ಒಳಗಿನ ತಪಸ್ಸಿಗೆ ಹೊರಗೆ ಒಬ್ಬ ಮನುಷ್ಯಳು ಜೀವಮಾನವಿಡೀ ಕಾವಲು ನಿಂತಿದ್ದಳು. ಆಮೇಲೆ ಅವರ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ, ಒಂದರಲ್ಲೂ ಆಕೆಯ ಹೆಸರಿಲ್ಲ. ಇಂಗ್ಲಿಷಿನ ಜೇಡಿ ಸ್ಮಿತ್ 2012ರಲ್ಲಿ ಬಂದ ತಮ್ಮ ಕಾದಂಬರಿಯ ಕೃತಜ್ಞತೆಯ ಪುಟದಲ್ಲಿ ಫ್ರೀಡಂ, ಸೆಲ್ಫ್‌ಕಂಟ್ರೋಲ್ ಅನ್ನುವ ಎರಡು ಬ್ಲಾಕರ್‌ಗಳ ಹೆಸರು ಹಾಕಿ, ಹೊತ್ತು ಮಾಡಿಕೊಟ್ಟಿದ್ದಕ್ಕೆ ಅಂತ ನೆನೆದಿದ್ದಾರೆ. ಅದನ್ನು ಓದಿದ ದಿನ ನನಗೆ ಆ ತಾಯಿಯ ಮುಖ ನೆನಪಾಗಿ ಕಣ್ಣು ತುಂಬಿತು. ಸಾಫ್ಟ್‌ವೇರಿಗೆ ಸಿಕ್ಕ ಒಂದು ಸಾಲು ಆಕೆಗೆ ಸಿಗಲಿಲ್ಲ. ನನಗೆ ಬಾಗಿಲು ಕಾಯುವವರು ಯಾರೂ ಇರಲಿಲ್ಲ, ಪೀಜಿಯಲ್ಲಿ ಮೂವರ ಜೊತೆ ಒಂದೇ ರೂಮಿನಲ್ಲಿರುವ ನಿನಗೂ ಇಲ್ಲ. ನಮ್ಮಂಥವರು ಬ್ಲಾಕರ್ ಹಾಕಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಾನು ಬರೆಯಲು ಶುರು ಮಾಡಿದ ಕಾಲ ಬೇರೆ. ಮೇಲ್ ನೋಡಬೇಕೆಂದರೆ ಸೈಬರ್ ಕೆಫೆಗೆ ನಡೆದು ಹೋಗಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತು. ಇಂಟರ್‌ನೆಟ್ಟು ಮನೆಯೊಳಗೆ ಬಂತು, ಆಮೇಲೆ 2016ರಲ್ಲಿ ಜಿಯೋ ಬಂದು ಎಲ್ಲರ ಜೇಬಿಗೂ ಬಂತು. ನಿನ್ನ ವಯಸ್ಸಿನವರಿಗೆ ಮನಸ್ಸು ನಿಲ್ಲುವುದಿಲ್ಲ ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಈಗ ನೋಟ್‌ಬುಕ್ಕಿನ ಕಥೆ. ಇದನ್ನು ಯಾರಿಗೂ ಹೇಳಿಲ್ಲ.

2014ರಲ್ಲಿ ನಾನು ನಮ್ಮ ಮನೆಯ ಹಿಸ್ಸೆಯ ಬಗ್ಗೆ ಒಂದು ಕಾದಂಬರಿ ಶುರು ಮಾಡಿದೆ. ಬರೆಯುವುದಕ್ಕಿಂತ ಫೇಸ್‌ಬುಕ್ ನೋಡುವುದೇ ಜಾಸ್ತಿ ಆಗಿ, ಅಕ್ಕನ ಮಗನ ಹತ್ತಿರ ಹೇಳಿಕೊಂಡೆ. ಅವನು ಬಂದು ವಿಂಡೋಸ್ ಒಳಗಿನ ಹೋಸ್ಟ್ಸ್ ಅನ್ನುವ ಸಣ್ಣ ಫೈಲ್ ತೆಗೆದ. ಯಾವ ಸೈಟಿಗೆ ಹೋಗಬೇಕಾದರೂ ಕಂಪ್ಯೂಟರ್ ಮೊದಲು ಆ ಫೈಲಿನಲ್ಲಿ ವಿಳಾಸ ಇದೆಯಾ ಅಂತ ನೋಡುತ್ತದಂತೆ. ಅಲ್ಲಿ 127.0.0.1 ಅಂತ ಹಾಕಿ ಪಕ್ಕದಲ್ಲಿ ಸೈಟಿನ ಹೆಸರು ಬರೆದರೆ, ಅದು ಹೊರಗೆ ಹೋಗದೆ ನಮ್ಮ ಕಂಪ್ಯೂಟರಿನ ಬಾಗಿಲನ್ನೇ ತಟ್ಟಿ ವಾಪಸ್ ಬರುತ್ತದೆ. ಒಂಬತ್ತು ಸೈಟು ಹಾಕಿಕೊಟ್ಟು ಹೋದ. ನಾಲ್ಕನೇ ದಿನಕ್ಕೆ ನಾನು ಆ ಫೈಲ್ ತೆರೆಯುವುದು ಕಲಿತಿದ್ದೆ. ಪ್ರತಿ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ಸಾಕು, ಆ ಸಾಲು ಇದ್ದೂ ಇಲ್ಲದ ಹಾಗೆ. ಮುಂದಿನ ಸಲ ಅವನು ಲೀಚ್‌ಬ್ಲಾಕ್ ಹಾಕಿ, ಪಾಸ್‌ವರ್ಡ್ ತಾನೇ ಮಾಡಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನ ಕೈಗೆ ಕೊಟ್ಟ. ಅಕ್ಕ ಆಗ ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಳು. ಚೀಟಿಯನ್ನು ಪರ್ಸಿನಲ್ಲಿ ಔಷಧಿ ಬಿಲ್ಲುಗಳ ಜೊತೆ ಇಟ್ಟುಕೊಂಡಳು.

ಒಂದು ಮಧ್ಯಾಹ್ನ ಒಂದು ಜಾಗಕ್ಕೆ ಬಂದೆ. ತೋಟದಲ್ಲಿ ತನಗೆ ಪಾಲು ಬೇಡ ಅಂತ ಅಕ್ಕ ಸಹಿ ಹಾಕಿದ ದಿನ. ಅವಳು ಪೆನ್ನು ಹುಡುಕುತ್ತಿದ್ದಳು, ನಾನು ನನ್ನ ಬ್ಯಾಗಿನಿಂದ ಪೆನ್ನು ತೆಗೆದು ಕೊಟ್ಟೆ. ಅವಳಿಗೆ ಇಷ್ಟವಿಲ್ಲ ಅಂತ ನನಗೆ ಗೊತ್ತಿತ್ತು. ಅವಳಿಗೂ ಹಕ್ಕಿದೆ ಅಂತಲೂ ಗೊತ್ತಿತ್ತು, ಮನೆಯಲ್ಲಿ ಓದಿದವಳು ನಾನೊಬ್ಬಳೇ. ಆ ಪೆನ್ನಿನ ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಸಂಪಾದಕರಿಗೆ ಅರ್ಜೆಂಟಾಗಿ ಲೇಖನ ಕಳಿಸಬೇಕು, ಪಾಸ್‌ವರ್ಡ್ ಹೇಳು ಅಂದೆ. ಅವಳು ವಾರ್ಡಿನಿಂದ ಹೊರಗೆ ಬಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಇಂಗ್ಲಿಷ್ ಅಕ್ಷರ ಓದಿದಳು. "ಇದು ಸೊನ್ನೆನೋ ಓ ಅಕ್ಷರನೋ ಗೊತ್ತಾಗ್ತಿಲ್ಲ ಕಣೇ, ಎರಡೂ ಹಾಕಿ ನೋಡು" ಅಂದಳು. ನಾನು ಫೇಸ್‌ಬುಕ್ ಒಳಗೆ ಹೋಗಿ ಇಬ್ಬರು ಲೇಖಕರು ಜಗಳ ಆಡಿದ್ದ ಒಂದು ಪೋಸ್ಟಿನ ಕೆಳಗಿನ ಕಾಮೆಂಟುಗಳನ್ನು ಸಂಜೆಯವರೆಗೆ ಓದಿದೆ. ರಾತ್ರಿ ಅವಳೇ ಫೋನ್ ಮಾಡಿ "ಕಳಿಸಾಯ್ತಾ?" ಅಂತ ಕೇಳಿದಳು. ಆಯ್ತಕ್ಕಾ ಅಂದೆ.

ಬ್ಲಾಕರ್ ಮುರಿದದ್ದು ನನಗೆ ಇವತ್ತು ನೋವಲ್ಲ, ತಮ್ಮಾ. ಆ "ಆಯ್ತಕ್ಕಾ" ನೋವು.

ಅದಾದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಕೊಂಡು ಕಂಪ್ಯೂಟರ್ ಪಕ್ಕ ಇಟ್ಟೆ. ಮುರಿಯಬಾರದು ಅಂತ ಪಣ ತೊಡಲಿಲ್ಲ. ಮುರಿಯುವ ಮೊದಲು ಎರಡು ವಿಷಯ ಬರೆಯಬೇಕು, ಅಷ್ಟೇ: ಎಲ್ಲಿ ನಿಲ್ಲಿಸಿದೆ, ಯಾಕೆ ತೆಗೆಯುತ್ತಿದ್ದೇನೆ. ವಾಪಸ್ ಬಂದ ಮೇಲೆ ಇನ್ನೊಂದು: ನಿಜವಾಗಿ ಏನು ಮಾಡಿದೆ. ಒಂದೆರಡು ಸಾಲು ಇದ್ದ ಹಾಗೇ ಬರೆಯುತ್ತೇನೆ.

"ಅಣ್ಣ ಹಿಸ್ಸೆ ಪತ್ರ ಓದುವ ಜಾಗ. ಕರೆಂಟ್ ಬಿಲ್ ಕಟ್ಟಬೇಕು. ಕಟ್ಟಲಿಲ್ಲ. ಒಂದು ಗಂಟೆ."

"ಅಕ್ಕ ಕೈ ತೊಳೆದುಕೊಂಡು ಬಂದು ಕೂತಳು. ಒಂದು ಪದದ ಅರ್ಥ ನೋಡಬೇಕು. ನೋಡಿದೆ, ಎರಡು ನಿಮಿಷ. ಆಮೇಲೆ ಸೀರೆ ನೋಡಿದೆ, ಐವತ್ತು ನಿಮಿಷ."

ಪದದ ಅರ್ಥ ಅನ್ನುವುದು ನಮ್ಮಂಥವರ ಬಹಳ ದೊಡ್ಡ ನೆವ. ಈಗ ಅಲರ್ ನಿಘಂಟು ಇಂಟರ್‌ನೆಟ್ಟಿನಲ್ಲೇ ಇದೆ, ಒಳ್ಳೆಯ ಕೆಲಸ, ನಾನೂ ದಿನಾ ಬಳಸುತ್ತೇನೆ. ಆದರೆ ಬರೆಯುವ ಹೊತ್ತಿನಲ್ಲಿ ಗೊತ್ತಿಲ್ಲದ ಪದದ ಜಾಗ ಖಾಲಿ ಬಿಟ್ಟು ಮುಂದೆ ಹೋಗು. ಆ ನೋಟ್‌ಬುಕ್ಕಿನಲ್ಲಿ ಎಂಟು ತಿಂಗಳ ಲೆಕ್ಕ ಇದೆ. ಮೊನ್ನೆ ನಿನ್ನ ಪತ್ರ ಬಂದ ಮೇಲೆ ಪೂರ್ತಿ ಓದಿದೆ. ಒಂದು ಸಲವೂ "ಸುಮ್ನೆ" ಅಂತ ಬರೆದಿಲ್ಲ. ಪ್ರತಿಯೊಂದಕ್ಕೂ ಮರ್ಯಾದಸ್ಥ ಕಾರಣ ಇದೆ. ಜಾಗ ಮಾತ್ರ ತಿರುತಿರುಗಿ ಅದೇ, ಅಕ್ಕ ಇರುವ ಪುಟಗಳು.

ಈಗ ನಿನ್ನ ಮೇಲೆ ಸ್ವಲ್ಪ ಸಿಟ್ಟು ಮಾಡಿಕೊಳ್ಳುತ್ತೇನೆ. ಹನ್ನೊಂದು ಸಲ ಮುರಿದೆ ಅಂತ ಎಣಿಸಿದ್ದೀಯ. ಎಣಿಸಿ ಏನು ಬಂತು? ಯಾವ ಸಾಲಿನ ಮುಂದೆ ಮುರಿದೆ ಅಂತ ಒಂದು ಸಲವಾದರೂ ನೋಡಿದೆಯಾ? ಲೆಕ್ಕ ಇಟ್ಟುಕೊಂಡು ನಿನ್ನನ್ನು ನೀನೇ ಬೈದುಕೊಳ್ಳುವುದು ಸುಲಭ, ಬೈದುಕೊಂಡರೆ ಕೆಲಸ ಮಾಡಿದ ಹಾಗೇ ಅನ್ನಿಸುತ್ತದೆ. "ನಾನು ಬರಹಗಾರನೇ ಅಲ್ಲ" ಅನ್ನುವುದೂ ಅಂಥದ್ದೇ ಒಂದು ಹ್ಯಾಶ್ ಗುರುತು. ಒಂದೇ ಏಟಿಗೆ ಎಲ್ಲ ಸಾಲಿನ ಮುಂದೆಯೂ ಹಾಕಿಬಿಟ್ಟರೆ ಆಯಿತು, ಇನ್ನು ಯಾವುದನ್ನೂ ಬರೆಯಬೇಕಾಗಿಲ್ಲ.

ಒಂದು ಸಲ ಎಲ್ಲಿ ಮುರಿದೆ ಅಂತ ನಾನು ಹೇಳಲಾ? ಮೂರನೇ ಕಥೆಯ ಐದನೇ ಪುಟದಲ್ಲಿ.

ರೇಷನ್ ಅಂಗಡಿಯ ಕಥೆ. ಅಜ್ಜಿಯ ಹೆಬ್ಬೆಟ್ಟು ಮೆಷಿನ್‌ಗೆ ಹತ್ತುವುದಿಲ್ಲ. ಜೀವಮಾನವಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿ, ಬೆರಳಿನ ಗೆರೆಗಳೇ ಸವೆದಿವೆ. ಅಂಗಡಿಯವನು ಒರೆಸಿಕೊಂಡು ಇಡಿ ಅನ್ನುತ್ತಾನೆ, ಅಜ್ಜಿ ಸೆರಗಿಗೆ ಒರೆಸಿ ಮತ್ತೆ ಇಡುತ್ತಾಳೆ, ಮತ್ತೆ ಇಲ್ಲ. ತಲೆಗೂದಲಿಗೆ ಬೆರಳು ಉಜ್ಜಿ ಎಣ್ಣೆ ಪಸೆ ಹತ್ತಿಸಿಕೊಂಡು ಇಡುತ್ತಾಳೆ. ಅದನ್ನು ಓದಿ ನಾನು ಹಾಳೆಗಳನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತೆ, ಅಷ್ಟು ಚೆನ್ನಾಗಿದೆ. ಕ್ಯೂನಲ್ಲಿ ಹಿಂದಿನವರು "ಮುದುಕಿನ ಪಕ್ಕಕ್ಕೆ ಕಳ್ಸ್ರೀ" ಅಂತ ಕೂಗುತ್ತಾರೆ. ಮೊಮ್ಮಗ ಅಲ್ಲೇ ಇದ್ದಾನೆ, ಕಾಲೇಜು ಹುಡುಗ. ಅಲ್ಲಿಗೆ ನಾಲ್ಕನೇ ಪುಟ ಮುಗಿಯಿತು. ಐದನೇ ಪುಟ ತಿರುಗಿಸಿದರೆ ಆಧಾರ್ ವ್ಯವಸ್ಥೆ, ಸರ್ವರ್ ತೊಂದರೆ, ಪಡಿತರ ನೀತಿ ಅಂತ ಒಂದೂವರೆ ಪುಟ ಪೇಪರಿನ ಭಾಷೆ. ಅದು ನಿನ್ನ ಕನ್ನಡವೇ ಅಲ್ಲ. ನೀನು ಎದ್ದು ಹೋಗಿ, ಬ್ಲಾಕರ್ ತೆಗೆದು, ಹುಡುಕಿ, ಓದಿ ಬಂದು ಬರೆದದ್ದು ಅದು. ಮಾಹಿತಿ ಬೇಕಿತ್ತು ಅಂತ ನಿನಗೆ ನೀನೇ ಹೇಳಿಕೊಂಡಿರುತ್ತೀಯ. ಹೌದಾ ಅಲ್ವಾ?

ಕಥೆ ಮತ್ತೆ ಶುರುವಾಗುವ ಹೊತ್ತಿಗೆ ಅಜ್ಜಿ ಮನೆಯಲ್ಲಿದ್ದಾಳೆ, ಮೊಮ್ಮಗ ಬೆಂಗಳೂರು ಬಸ್ಸು ಹತ್ತುತ್ತಿದ್ದಾನೆ. ನಡುವೆ ಆ ಕ್ಯೂನಲ್ಲಿ ಏನಾಯಿತು ಅನ್ನುವುದನ್ನೇ ನೀನು ಬರೆದಿಲ್ಲ.

ಒಂದು ನೋಟ್‌ಬುಕ್ ತಗೋ. ಬ್ಲಾಕರ್ ಹಾಕು. ಮುರಿಯಬೇಕು ಅನ್ನಿಸಿದರೆ ಮುರಿ, ಬರೆದು ಮುರಿ. ಪಾಸ್‌ವರ್ಡನ್ನು ಸ್ನೇಹಿತರ ಹತ್ತಿರ ಕೊಟ್ಟರೆ, ಬೇಕಾದಾಗ "ಸುಮ್ನೆ ನೋಡಬೇಕು ಅನ್ನಿಸ್ತಿದೆ, ಕೊಡು" ಅಂತಲೇ ಕೇಳು. ಬೇರೆ ಕಾರಣ ಹೇಳಬೇಡ. ದಯವಿಟ್ಟು ಹೇಳಬೇಡ.

ನನ್ನ ಆ ಕಾದಂಬರಿ ನೂರಾ ನಲವತ್ತನೇ ಪುಟದಲ್ಲಿ ನಿಂತಿದೆ, ಬೀರುವಿನಲ್ಲಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಕ್ಕ ಮುಂದಿನ ವಾರ ಇಲ್ಲಿಗೆ ಬಂದು ಹದಿನೈದು ದಿನ ಇರುತ್ತಾಳೆ. ನಿನಗೆ ಇಷ್ಟು ಬರೆದ ಮೇಲೆ ಅವಳ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಕಷ್ಟವಾಗುತ್ತದೆ ಅಂತ ಗೊತ್ತಿದ್ದೇ ಬರೆದೆ.

ಉಳಿದ ಆರು ಕಥೆಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಐದನೇ ಪುಟ ಒಂದನ್ನೇ ಹೊಸದಾಗಿ ಬರೆದು ಕಳಿಸು. ಕೈಯಲ್ಲಿ ಬರೆದರೂ ಆಗುತ್ತದೆ, ಅಕ್ಷರ ಹೇಗಿದ್ದರೂ ಓದುತ್ತೇನೆ. ಹಿಂದಿನವರು ಕೂಗಿದಾಗ ಆ ಹುಡುಗ ಅಜ್ಜಿಯಿಂದ ಎಷ್ಟು ದೂರ ನಿಂತಿದ್ದ? ಅಜ್ಜಿ ತಿರುಗಿ ಅವನನ್ನು ನೋಡಿದಳಾ? ಆ ದಿನ ಅಕ್ಕಿ ಸಿಕ್ಕಿತಾ?

ನಿನ್ನ ದಾರಿ ಕಾಯುತ್ತಿರುತ್ತೇನೆ.